ಸೀಟು ಹಿಡಿದ ಲ್ಯಾಪ್‌ಟಾಪು

ನಾನು ಇದುವರೆಗೆ ಬಸ್ಸುಗಳಲ್ಲಿ ಬಿಟ್ಟುಬಂದ ಕೊಡೆಗಳನ್ನೆಲ್ಲ ಒಟ್ಟಿಗೆ ಬಿಚ್ಚಿ ಹಿಡಿದರೆ ಶಿಕಾರಿಪುರದ ಸಂತೆಗೆಲ್ಲ ನೆರಳಾಗುತ್ತದೆ ಎಂದು ನನ್ನ ಹೆಂಡತಿ ನೀಲಾಂಬಿಕೆ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾಳೆ. ಇದು ಶುದ್ಧ ಉತ್ಪ್ರೇಕ್ಷೆ. (ಅರ್ಧ ಸಂತೆಗೆ ಆದೀತು.) ಇಂಥ ಮನುಷ್ಯನ ಕೈಗೆ ಕಂಪನಿಯವರು ಸಾವಿರದ ಒಂಬೈನೂರ ತೊಂಬತ್ತೆಂಟರಲ್ಲಿ ಒಂದು ಲ್ಯಾಪ್‌ಟಾಪು ಕೊಟ್ಟರು ಎಂದರೆ ಮುಂದೆ ಆದದ್ದಕ್ಕೆ ಹೊಣೆ ಯಾರು ಎಂಬುದನ್ನು ನೀವೇ ತೀರ್ಮಾನಿಸಬೇಕು.

ನನ್ನ ಹೆಸರು ಸಂಗಮೇಶ. ಒಂದು ಬೀಜದ ಕಂಪನಿಯಲ್ಲಿ ಫೀಲ್ಡ್ ಆಫೀಸರು. ಆಫೀಸರು ಎಂಬ ಹೆಸರಿದೆಯೇ ಹೊರತು ಆಫೀಸು ಇಲ್ಲ. ಶಿಕಾರಿಪುರ, ಸೊರಬ ಎರಡೂ ತಾಲೂಕಿನ ಬೀಜದ ಅಂಗಡಿಗಳಿಗೆ ಬಸ್ಸಿನಲ್ಲಿ ತಿರುಗಿ ಭತ್ತ, ಮೆಕ್ಕೆಜೋಳದ ಆರ್ಡರು ಹಿಡಿಯುವುದು ನನ್ನ ಉದ್ಯೋಗ. ಕಿಟಕಿ ಪಕ್ಕದ ಸೀಟು ಸಿಕ್ಕಿದ ದಿನ ಅದೇ ನನ್ನ ಆಫೀಸು, ಸಿಗದ ದಿನ ನಾನು ನಿಂತ ಜಾಗ. ಹೀಗೆ ಊರೂರು ತಿರುಗುವವರ ಕೈಯಲ್ಲಿ ತಿರುಗುವ ಕಂಪ್ಯೂಟರೇ ಇರಲಿ, ಆರ್ಡರನ್ನು ಅದರಲ್ಲೇ ಹೊಡೆದು ಫ್ಲಾಪಿ ಕಳಿಸಲಿ ಎಂದು ಕಂಪನಿಗೆ ಯಾವ ಗಳಿಗೆಯಲ್ಲಿ ಹೊಳೆಯಿತೋ ಕಾಣೆ.

ಶಿವಮೊಗ್ಗದ ಕಚೇರಿಯಲ್ಲಿ ನಮ್ಮ ಮ್ಯಾನೇಜರು ಸದಾಶಿವಪ್ಪನವರು ಅದನ್ನು ನನ್ನ ಕೈಗಿಟ್ಟಾಗ ಮಗಳನ್ನು ಧಾರೆ ಎರೆದು ಕೊಡುವ ತಂದೆಯ ಮುಖ ಮಾಡಿದ್ದರು. ಜೊತೆಗೆ ಕಂಪನಿಯ ಹೆಸರು ಹೊಡೆದ ಕರೀ ಚೀಲ, ಉಕ್ಕಿನ ಸರಪಳಿ, ಒತ್ತಿದರೆ ತಾನೇ ಬಿದ್ದುಕೊಳ್ಳುವ ಬೀಗ. ಯಂತ್ರವನ್ನು ಕ್ಷಣವೂ ಕಣ್ಣಿಂದ ಮರೆ ಮಾಡಕೂಡದು, ಕೂತ ಕಡೆ ಚೀಲವನ್ನು ಅಲುಗದ ವಸ್ತುವಿಗೆ ಕಟ್ಟಬೇಕು, ಗುಪ್ತಪದವನ್ನು ಹೆಂಡತಿಗೂ ಹೇಳಕೂಡದು ಎಂದು ಬೋಧಿಸಿದರು. ಕೊನೆಗೆ ದನಿ ತಗ್ಗಿಸಿ, "ಸಂಗಮೇಶ್, ಯಂತ್ರ ಕಳೆದವರನ್ನ ಕಂಪನಿ ಬಯ್ಯೋದಿಲ್ಲ. ಸಿಂಧನೂರಿನ ಗೋಡೌನಿಗೆ ಕಳಿಸ್ತದೆ" ಎಂದರು.

ಅಂದಿನಿಂದ ನನ್ನ ನಿದ್ದೆ ಹಾರಿತು. ಸಿಂಧನೂರಿನ ಮೇಲೆ ನನಗೇನೂ ದ್ವೇಷವಿಲ್ಲ. ಆದರೆ ನೀಲಾಂಬಿಕೆ ಪ್ರೈಮರಿ ಶಾಲೆಯ ಟೀಚರು. ಮದುವೆಯಾದ ಮೇಲೆ ವರ್ಷಗಟ್ಟಲೆ ಅವಳು ಹರಪನಹಳ್ಳಿ ಕಡೆ, ನಾನು ಇಲ್ಲಿ. ನಮ್ಮ ಸಂಸಾರ ನಡೆದದ್ದು ಬಸ್‌ಸ್ಟ್ಯಾಂಡುಗಳಲ್ಲಿ. ಯಾರ್ಯಾರದೋ ಕಾಲು ಹಿಡಿದು ಆ ಜೂನಿನಲ್ಲಷ್ಟೇ ಅವಳಿಗೆ ಶಿಕಾರಿಪುರಕ್ಕೆ ವರ್ಗವಾಗಿತ್ತು. ಈಗ ನನ್ನನ್ನು ಅತ್ತ ಎಸೆದರೆ ಮತ್ತೆ ಅದೇ ಕಥೆ. ಅವಳು ಬಯ್ಯುವುದು ಹೆಚ್ಚು, ನಿಜ. ಆದರೆ ಬಯ್ಯುವವರಿಲ್ಲದ ಮನೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡು ತಿಂದವನಿಗೆ ಗೊತ್ತು, ಆ ಬಯ್ಗುಳದ ಬೆಲೆ.

ಲ್ಯಾಪ್‌ಟಾಪು ಬಂದ ಮೇಲೆ ಬಚ್ಚಲಿಗೆ ಹೋದರೂ ಬಾಗಿಲಾಚೆ ಅದು ಇದೆಯೇ ಎಂದು ಕೂಗಿ ಕೇಳುತ್ತಿದ್ದೆ. "ಐತಿ, ಎಲ್ಲಿಗೂ ಓಡಿಹೋಗಿಲ್ಲ" ಎಂದು ಅಡುಗೆಮನೆಯಿಂದ ಉತ್ತರ ಬರುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಹೊಳೆಯುವ ಕರೀ ಚೀಲವನ್ನು ನೋಡಿದರೆ ಸಾಕು, ಅದನ್ನು ಎದೆಗೆ ಅವುಚಿಕೊಳ್ಳುತ್ತಿದ್ದೆ. ನೋಡದಿದ್ದರೆ ಬೇಕೆಂದೇ ನೋಡುತ್ತಿಲ್ಲ, ಇವನೇ ಕಳ್ಳ ಎನಿಸುತ್ತಿತ್ತು. ಹೀಗೆ ತಲೆ ಕೆಟ್ಟು ಕೂತಿದ್ದಾಗಲೇ ಆ ದಿವ್ಯ ಉಪಾಯ ಹೊಳೆದದ್ದು.

ಕಳ್ಳನ ಕಣ್ಣು ಬೀಳುವುದು ಕರೀ ಚೀಲದ ಮೇಲೆ ತಾನೆ? ಹಾಗಾದರೆ ಕರೀ ಚೀಲದಲ್ಲಿ ಲ್ಯಾಪ್‌ಟಾಪು ಇರಲೇಬಾರದು. ಅದನ್ನು ಕಂಬಳಿ ತುಂಡಿನಲ್ಲಿ ಸುತ್ತಿ, ಮಾಸಿದ ಬೀಜದ ಚೀಲವೊಂದಕ್ಕೆ ಹಾಕಿ, ಬಾಯಿಗೆ ಸುತಳಿ ಕಟ್ಟಿದೆ. ಶಿಕಾರಿಪುರದಲ್ಲಿ ಬೀಜದ ಚೀಲ ಹಿಡಿದವನನ್ನು ಯಾರು ತಿರುಗಿ ನೋಡುತ್ತಾರೆ? ಕರೀ ಚೀಲ ಹಗುರಾಗಿದ್ದರೆ ಕಳ್ಳನಿಗೆ ಸಂಶಯ ಬಂದೀತು. ಅದಕ್ಕೆ ತೂಕ ನೋಡಿ ನೋಡಿ ಅಟ್ಟದ ಮೇಲಿದ್ದ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆಯನ್ನು ತಂದು ಒಳಗಿಟ್ಟು ಜಿಪ್ ಎಳೆದೆ. ಕರೆಂಟು ಹೋದಾಗ ಕೆಂಡ ಹಾಕಿ ಉಜ್ಜುವ ಪೆಟ್ಟಿಗೆ ಅದು, ನೀಲಾಂಬಿಕೆಯ ಅಣ್ಣ ಉಡುತಡಿಯಿಂದ ಮದುವೆಗೆ ತಂದುಕೊಟ್ಟದ್ದು. ಕಂಪನಿಯ ರಹಸ್ಯವಾದ್ದರಿಂದ ಅವಳಿಗೆ ಹೇಳಲಿಲ್ಲ. (ಹೇಳಿದ್ದರೆ ಪೆಟ್ಟಿಗೆ ಸಿಗುತ್ತಿರಲಿಲ್ಲ ಎಂಬುದು ಎರಡನೆಯ ಕಾರಣ.) ಮರುದಿನವೇ ಸದಾಶಿವಪ್ಪನವರು ಸೊರಬದಲ್ಲಿ ಗುರುಮಲ್ಲಪ್ಪನವರ ಬೀಜದ ಅಂಗಡಿಗೆ ಬಂದು, ನಾನು ಲ್ಯಾಪ್‌ಟಾಪನ್ನು ಹೇಗಿಟ್ಟುಕೊಂಡಿದ್ದೇನೆ ಎಂದು ನೋಡುವವರಿದ್ದರು.

ಬೆಳಿಗ್ಗೆ ಎದ್ದರೆ ಕರೆಂಟಿಲ್ಲ. ನೀಲಾಂಬಿಕೆಯ ಶಾಲೆಗೂ ಅಂದೇ ಇನ್‌ಸ್ಪೆಕ್ಟರು ಬರುವುದಿತ್ತಂತೆ. ಹತ್ತಿ ಸೀರೆ ಮುದುಡಿ ಮುದ್ದೆಯಾಗಿತ್ತು. ಅವಳು ಅಟ್ಟ ಹತ್ತಿದಳು, ಇಳಿದಳು, ಮಂಚದ ಕೆಳಗೆ ಬಗ್ಗಿದಳು.

"ಏನ್ರೀ, ಇಸ್ತ್ರಿ ಪೆಟ್ಟಿಗೆ ನೋಡೀರೇನು?"

ನಾನು ಕರೀ ಚೀಲವನ್ನು ಮಡಿಲಿಗೆ ಎಳೆದುಕೊಂಡೆ. "ನಾನ್ಯಾಕೆ ನೋಡ್ಲಿ? ನಾನೇನು ಇಸ್ತ್ರಿ ಮಾಡ್ತೀನಾ?"

"ಅದೂ ಖರೆ ಬಿಡ್ರಿ. ಮನಿಯಾಗೆ ಒಂದು ಕೆಲಸ ಮಾಡಿದ್ರಲ್ಲವಾ, ಯಾವುದು ಎಲ್ಲೈತಿ ಅಂತ ಗೊತ್ತಿರೋದು."

ಪಕ್ಕದ ಮನೆಯ ಸರ್ವಮಂಗಳ ಹಿಂದಿನ ವಾರ ಅದನ್ನು ಎರವಲು ಒಯ್ದಿದ್ದರು. ಕೊಟ್ಟೆ ಎಂದರು ಅವರು. ಕೊಟ್ಟಿಲ್ಲ ಎಂದಳು ಇವಳು. ಕಾಂಪೌಂಡಿನ ಗೋಡೆಯ ಮೇಲೆ ಹಳೆಯ ಬಾಕಿಗಳೆಲ್ಲ ಹೊರಬಿದ್ದವು: ಹಿಂದಿರುಗದ ಸೇರು, ಹುಳಿಯಿಲ್ಲದ ಹೆಪ್ಪು, ಇನ್ನಾರದೋ ಮದುವೆಯಲ್ಲಿ ಆಡಿದ ಮಾತು. ಒಂದು ಮಾತು ಹೇಳಿದ್ದರೆ ನಾನು ಆ ಕುರುಕ್ಷೇತ್ರವನ್ನು ನಿಲ್ಲಿಸಬಹುದಿತ್ತು. ಆದರೆ ಸೊರಬದ ಬಸ್ಸಿಗೆ ಹೊತ್ತಾಗಿತ್ತು. ಎರಡೂ ಚೀಲ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೊರಟೆ.

ಬಸ್‌ಸ್ಟ್ಯಾಂಡಿನಲ್ಲಿ ಕಿಕ್ಕಿರಿದ ಜನ. ನಾಟಕ ಆಡುವುದಾದರೆ ಪೂರ್ತಿ ಆಡಬೇಕು ಎಂದು, ಕಬ್ಬಿಣದ ಬೆಂಚಿನ ಕಾಲಿಗೆ ಕರೀ ಚೀಲವನ್ನು ಸರಪಳಿಯಿಂದ ಬಿಗಿದು ಬೀಗ ಒತ್ತಿದೆ. ಕೀಲಿ ಜೇಬಿನಲ್ಲಿದ್ದರೆ ಜೇಬುಗಳ್ಳರ ಕಾಟ. ಅದನ್ನು ಬೀಜದ ಚೀಲದ ತಳಕ್ಕೆ ಇಳಿಬಿಟ್ಟೆ. ಇಷ್ಟು ಭದ್ರತೆ ದೆಹಲಿಯಲ್ಲೂ ಇರಲಾರದು ಎಂದುಕೊಂಡು ಕಾಲು ಚಾಚಿ ಕೂತೆ. ಎಷ್ಟೋ ದಿನಗಳ ಮೇಲೆ ಎದೆ ಹಗುರಾಗಿತ್ತು.

ಸೊರಬದ ಬಸ್ಸು ಬಂತು.

ನಮ್ಮ ಕಡೆ ಬಸ್ಸು ಬಂದಾಗ ಮನುಷ್ಯನ ಬುದ್ಧಿ ಕೆಲಸ ಮಾಡುವುದಿಲ್ಲ, ಕೈ ಮಾಡುತ್ತದೆ. ಬಸ್ಸು ನಿಲ್ಲುವ ಮೊದಲೇ ಅದರ ಜೊತೆ ಓಡಿ, ಕಿಟಕಿಯಿಂದ ಟವೆಲ್ಲೋ ಹಳೇ ಚೀಲವೋ ಒಳಗೆ ಹಾಕಿದರೆ ಆ ಸೀಟು ನಮ್ಮದು. ಆಮೇಲೆ ನಿಧಾನವಾಗಿ ಬಾಗಿಲಿನಿಂದ ಹತ್ತಿ ಬರಬಹುದು. ಬೆಲೆಬಾಳುವುದನ್ನು ಯಾರೂ ಹಾಕುವುದಿಲ್ಲ. ಕೈಯಲ್ಲಿರುವುದರಲ್ಲಿ ತೀರಾ ಕಳಪೆಯದನ್ನು ಹಾಕುತ್ತಾರೆ. ಹೈಸ್ಕೂಲಿಗೆ ಹೋಗುವಾಗಿನಿಂದ ಮಾಡಿದ ಅಭ್ಯಾಸ. ನನ್ನ ಕೈ ಕಳಪೆಯದನ್ನು ತಾನೇ ಆರಿಸಿಕೊಂಡಿತು. ಓಡಿದೆ, ಮೂರನೇ ಕಿಟಕಿಯೊಳಗೆ ಬೀಜದ ಚೀಲವನ್ನು ತೂರಿಸಿದೆ, ಸೀಟು ಹಿಡಿದೆ.

ಹಿಡಿದು, ಬೆಲೆಬಾಳುವ ಕರೀ ಚೀಲವನ್ನು ಬಿಡಿಸಿಕೊಳ್ಳಲು ಬೆಂಚಿಗೆ ಓಡಿ ಬಂದೆ. ಬೀಗ ಜಗ್ಗಿದೆ, ಸರಪಳಿ ಎಳೆದೆ, ಬೆಂಚನ್ನೇ ಎತ್ತಲು ನೋಡಿದೆ. ಕಂಡಕ್ಟರು ರೈಟ್ ಎಂದ. ಬಸ್ಸು ಹೊರಟಿತು. ಹೋದರೆ ಹೋಗಲಿ ಬಸ್ಸು, ಪ್ರಾಣ ಹೋದರೂ ಈ ಚೀಲ ಬಿಟ್ಟು ಹತ್ತುವವನಲ್ಲ ನಾನು ಎಂದು ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಂಡೆ. ಸದಾಶಿವಪ್ಪನವರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ಆಮೇಲೆ ಕೀಲಿ ಎಲ್ಲಿಟ್ಟೆ ಎಂದು ಯೋಚಿಸಿದೆ. ಬೀಜದ ಚೀಲದಲ್ಲಿ. ಬೀಜದ ಚೀಲದಲ್ಲಿ ಬೇರೆ ಏನಿಟ್ಟಿದ್ದೆ ಎಂದೂ ಯೋಚಿಸಿದೆ.

ಆಗ ನನ್ನ ಬಾಯಿಂದ ಹೊರಟ ಶಬ್ದಕ್ಕೆ ಪಕ್ಕದಲ್ಲಿದ್ದ ಅಜ್ಜಿ ತನ್ನ ಗಂಟು ಎತ್ತಿಕೊಂಡು ದೂರ ಹೋಗಿ ಕೂತಳು. ಇಸ್ತ್ರಿ ಪೆಟ್ಟಿಗೆಯನ್ನು ಬೆಂಚಿಗೆ ಒಪ್ಪಿಸಿ ರಸ್ತೆಗೆ ಓಡಿದೆ. ಸೊರಬದ ಕಡೆ ಹೋಗುವ ಒಂದು ಬಾಡಿಗೆ ಜೀಪು, ಟ್ರ್ಯಾಕ್ಸು, ನಿಂತಿತ್ತು. ಆದರೆ ಟ್ರ್ಯಾಕ್ಸು ಎಂಬುದು ಉಸಿರಾಡಲು ಜಾಗವಿಲ್ಲದಷ್ಟು ತುಂಬದೆ ಹೊರಡುವ ವಾಹನವಲ್ಲ. ಹೊರಟ ಮೇಲೂ ಕೈ ಅಡ್ಡ ಹಿಡಿದವರಿಗೆಲ್ಲ ನಿಂತಿತು. ಶಿರಾಳಕೊಪ್ಪ ಮುಟ್ಟುವಾಗ ಬಸ್ಸು ಮುಂದೆ ಹೋಗಿಯಾಗಿತ್ತು. ನನಗೆ ಸಿಂಧನೂರಿನ ಗೋಡೌನು ಕಾಣತೊಡಗಿತು. ಅದರ ಬಿಸಿಲು, ಧೂಳು, ಮೂಲೆಯಲ್ಲೊಂದು ಸ್ಟೋವು. ನೀಲಾಂಬಿಕೆ ಶನಿವಾರದ ಬಸ್ಸಿಗೆ ಕಾಯುತ್ತ ಮತ್ತೆ ಒಬ್ಬಳೇ ನಿಂತಿರುವುದೂ ಕಂಡಿತು. ಕಣ್ಣಲ್ಲಿ ನೀರು ಬಂತು ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ನನ್ನ ತೊಡೆಯ ಮೇಲೆ ಅರ್ಧ ಕೂತಿದ್ದ ಕುಪ್ಪಗಡ್ಡೆಯ ಯಜಮಾನರೊಬ್ಬರು ಏನಾಯಿತೆಂದು ವಿಚಾರಿಸಿದರು. ಬೀಜದ ಚೀಲ ಬಸ್ಸಿನಲ್ಲಿ ಹೋಯಿತು ಎಂದೆ.

"ಬೀಜಕ್ಕೆ ಹೀಂಗೆ ಅಳ್ತಾರನ? ನಮ್ಮನೇಲಿ ಬೇಕಾದಷ್ಟಿದೆ, ಬನ್ನಿ, ಒಂದ್ ಚೀಲ ಕೊಡ್ತೆ" ಎಂದರು. ಅಂಥ ಒಳ್ಳೆಯ ಮನುಷ್ಯನನ್ನು ನಾನು ದುರುಗುಟ್ಟಿ ನೋಡಿದೆ.

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಖಾಲಿಯಾಗಿ ನಿಂತಿತ್ತು. ಕಂಡಕ್ಟರು ಯಲ್ಲಪ್ಪ ನನಗೆ ಪರಿಚಯದವನೇ. ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ನಾನು ಅವನನ್ನು ದಾಟಿಕೊಂಡು ಒಳಗೆ ನುಗ್ಗಿದೆ. ಮೂರನೇ ಕಿಟಕಿಯ ಸೀಟಿನ ನಟ್ಟನಡುವೆ ಬೀಜದ ಚೀಲ, ನಾನು ಹೇಗೆ ಹಾಕಿದ್ದೆನೋ ಹಾಗೇ ಕೂತಿತ್ತು.

"ನಿಮ್ದಾ ಮಾರಾಯ್ರೆ ಅದು?" ಎಂದ ಯಲ್ಲಪ್ಪ. "ಶಿಕಾರಿಪುರದಿಂದ ಇಲ್ಲೀವರೆಗೆ ಜನ ಬಾಗ್ಲಲ್ಲಿ ನೇತಾಡ್ಕಂಡು ಬಂದಾರೆ. ಆ ಸೀಟಲ್ಲಿ ಒಬ್ಬರೂ ಕೂರ್ಲಿಲ್ಲ. ಹಿಡಿದ ಸೀಟು ನೋಡಿ, ಹೆಂಗ್ ಕೂರ್ತಾರೆ? ಬೈದಿದ್ದು ಮಾತ್ರ ದಾರಿಯುದ್ದಕ್ಕೂ ಬೈದ್ರು."

ಬೀಗ, ಸರಪಳಿ, ಗುಪ್ತಪದ ಯಾವುದೂ ಕಾಯದ ಯಂತ್ರವನ್ನು ನಮ್ಮ ಜನ ಬೈಯುತ್ತಲೇ ಕಾದಿದ್ದರು. ಚೀಲವನ್ನು ಅಪ್ಪಿಕೊಂಡು ಗುರುಮಲ್ಲಪ್ಪನವರ ಅಂಗಡಿಗೆ ಹೋದೆ. ಸದಾಶಿವಪ್ಪನವರು ಆಗಲೇ ಬಂದು ಕುರ್ಚಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಸುತಳಿ ಬಿಚ್ಚಿ, ಕಂಬಳಿ ಸರಿಸಿ, ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟೆ. ಅವರು ಹುಬ್ಬೇರಿಸಿ, ಕಂಪನಿಯ ಚೀಲವೆಲ್ಲಿ ಎಂದರು. ಕಳ್ಳರ ಮನೋಧರ್ಮದ ಬಗ್ಗೆ ಒಂದು ಸಣ್ಣ ಭಾಷಣ ಮಾಡಿ, ಕರೀ ಚೀಲವನ್ನು ಕಣ್ಕಟ್ಟಿಗೆಂದು ಶಿಕಾರಿಪುರದಲ್ಲೇ ಭದ್ರವಾಗಿ ಕಟ್ಟಿ ಬಂದಿದ್ದೇನೆ ಎಂದೆ. (ಒಂದಕ್ಷರ ಸುಳ್ಳಿಲ್ಲ.) ಅವರ ಮುಖ ಅರಳಿತು. ಇನ್ನು ಮೇಲೆ ಎಲ್ಲ ಫೀಲ್ಡ್ ಆಫೀಸರುಗಳಿಗೂ ಬೀಜದ ಚೀಲವೇ ಆಗಲಿ, ನೀವೇ ಅವರಿಗೆಲ್ಲ ತರಬೇತಿ ಕೊಡಿ ಎಂದರು. ಗುರುಮಲ್ಲಪ್ಪನವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ನಾನು ಎರಡನೇ ಮೆಣಸಿನಕಾಯಿಗೆ ಕೈ ಹಾಕಿದ್ದೆ, ಅಂಗಡಿಯ ಫೋನು ಹೊಡೆದುಕೊಂಡಿತು.

ಹತ್ತಿರವಿದ್ದವರು ಸದಾಶಿವಪ್ಪನವರು, ಅವರೇ ಎತ್ತಿದರು. ಕೇಳುತ್ತಾ ಕೇಳುತ್ತಾ ಎದ್ದು ನಿಂತರು. ಆಮೇಲೆ ರಿಸೀವರನ್ನು ನನಗೆ ಕೊಟ್ಟರು.

ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ, ವಾರಸುದಾರರಿಲ್ಲದ ಕರೀ ಚೀಲವೊಂದು ಸರಪಳಿ ಸಮೇತ ಬೆಂಚಿಗೆ ಅಂಟಿಕೊಂಡಿರುವುದನ್ನು ಆ ಅಜ್ಜಿ ಎಲ್ಲರಿಗೂ ತೋರಿಸಿದ್ದಳು. ಕಟ್ಟಿದವನು ವಿಚಿತ್ರವಾಗಿ ಕೂಗಿ ಓಡಿಹೋದ ಎಂದೂ ಹೇಳಿದ್ದಳು. ಬಾಂಬಿನ ಮಾತು ಹಬ್ಬಿ, ಬಸ್‌ಸ್ಟ್ಯಾಂಡು ಖಾಲಿಯಾಗಿ, ಪೊಲೀಸರು ಉದ್ದನೆಯ ಕೋಲಿಗೆ ಕುಡುಗೋಲು ಕಟ್ಟಿ ಚೀಲವನ್ನು ಸೀಳಿದ್ದರು. ಒಳಗೆ ಸಿಕ್ಕಿದ್ದು ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ. ತವರಿನಿಂದ ಬಂದ ಪಾತ್ರೆ ಪದಾರ್ಥಗಳ ಮೇಲೆ ಹೆಸರು ಕೊರೆಸುವ ಪದ್ಧತಿ ನಮ್ಮಲ್ಲಿದೆಯಲ್ಲ, ಪೆಟ್ಟಿಗೆಯ ಮುಚ್ಚಳದ ಮೇಲೂ 'ಚಿ. ಸೌ. ನೀಲಾಂಬಿಕೆಗೆ, ಉಡುತಡಿ' ಎಂದು ಸ್ಪಷ್ಟವಾಗಿ ಕೊರೆದಿತ್ತು. ಆ ಹೆಸರಿನವರು ಊರಿಗೆ ಒಬ್ಬರೇ. ಶಾಲೆಯ ಇನ್‌ಸ್ಪೆಕ್ಟರ ಎದುರಿಗೆ, ನಡುಪಾಠದಲ್ಲಿ, ಮುದುಡಿದ ಸೀರೆಯಲ್ಲಿದ್ದ ಟೀಚರನ್ನು ಜೀಪಿನಲ್ಲಿ ಠಾಣೆಗೆ ಕರೆತಂದಿದ್ದರು. ಅಂದು ನಾನು ಯಾವ ಅಂಗಡಿಯಲ್ಲಿರುತ್ತೇನೆಂದು ಅವಳಿಗೆ ಗೊತ್ತಿತ್ತು, ಠಾಣೆಯಿಂದಲೇ ಫೋನು ಹಚ್ಚಿಸಿದ್ದಳು.

"ನೀಲಾ" ಎಂದೆ.

"ಪೆಟ್ಟಿಗೆ ನಂದೇ ಅಂತ ಬರೆದುಕೊಟ್ಟೀನಿ" ಎಂದಳು. ದನಿ ಬಹಳ ಶಾಂತವಾಗಿತ್ತು. ಅದೇ ನನಗೆ ಭಯ ಹುಟ್ಟಿಸಿತು. "ಅದನ್ನ ಕಟ್ಟಿದವರು ಯಾರು ಅಂತ ಕೇಳ್ತಿದಾರೆ. ಗಂಡನೂ ನಂದೇ ಅಂತ ಬರೆದುಕೊಡ್ಲೋ, ಬ್ಯಾಡೋ?"

ಬರೆದುಕೊಟ್ಟಳು. ಸದಾಶಿವಪ್ಪನವರೇ ಜೀಪಿನಲ್ಲಿ ನನ್ನನ್ನು ಠಾಣೆಗೆ ತಂದು ಇಳಿಸಿ ಬಿಡಿಸಿಕೊಂಡರು. ಯಂತ್ರ ಕಳೆದಿಲ್ಲವಾದ್ದರಿಂದ ಸಿಂಧನೂರು ತಪ್ಪಿತು. ತರಬೇತಿಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನೂರಾರು ಜನರ ಕಣ್ಣೆದುರು, ಬೀಜದ ಚೀಲದ ತಳದಿಂದ ಕೀಲಿ ತೆಗೆದು ಬೆಂಚಿನ ಸರಪಳಿ ಬಿಚ್ಚಿಕೊಂಡು ಮನೆಗೆ ನಡೆದೆ.

ಮನೆಯಲ್ಲಿ ಸರ್ವಮಂಗಳ ಕೂತು ಚಹಾ ಕುಡಿಯುತ್ತಿದ್ದರು. ಬೆಳಗಿನ ಯುದ್ಧ ಮುಗಿದು ಎರಡು ಸೈನ್ಯಗಳೂ ಒಂದಾಗಿದ್ದವು. ಶತ್ರು ಯಾರೆಂಬುದು ಗೊತ್ತಾಗಿತ್ತು. ನಾನು ಕ್ಷಮೆ ಕೇಳಿದೆ, ಇಬ್ಬರಿಗೂ. ನೀಲಾಂಬಿಕೆ ಕೈ ಚಾಚಿದಳು. ಸರಪಳಿ, ಬೀಗ, ಕೀಲಿ ಮೂರನ್ನೂ ಕೊಟ್ಟೆ. ಅವಳು ಅಡುಗೆಮನೆಗೆ ಹೋಗಿ ಇಸ್ತ್ರಿ ಪೆಟ್ಟಿಗೆಯ ಹಿಡಿಗೆ ಸರಪಳಿ ಸುತ್ತಿ, ಕಿಟಕಿಯ ಸರಳಿಗೆ ಬಿಗಿದು, ಬೀಗ ಒತ್ತಿ, ಎರಡು ಸಲ ಜಗ್ಗಿ ನೋಡಿದಳು. ಕೀಲಿಯನ್ನು ತಾಳಿಯ ಸರಕ್ಕೆ ಪೋಣಿಸಿಕೊಂಡಳು.

ನಾನು ಲ್ಯಾಪ್‌ಟಾಪು ಹಿಡಿದುಕೊಂಡು ನಡುಮನೆಯಲ್ಲಿ ನಿಂತಿದ್ದೆ. ಇದನ್ನು ಎಲ್ಲಿಡಲಿ ಎಂದು ಕೇಳಿದೆ.

"ಎಲ್ಲಾರ ಇಡ್ರಿ. ಅದರ ಮೇಲೊಂದು ಟವೆಲ್ ಹಾಕ್ರಿ, ಸಾಕು" ಎಂದಳು.