ಅದಿಯಮಾನ್‌ಕೋಟೆಯಲ್ಲಿ ನೆಗೆದು ಸೇಲಂನಲ್ಲಿ ನಿಂತುಬಿಟ್ಟ ಕರಿ ರಾಜರಿಗೆ

ಸೇಲಂ ಓಪನ್ ಚೆಸ್ ಪಂದ್ಯದ ನಲವತ್ತೊಂದನೇ ಮೇಜಿನ ಮೇಲೆ ಬಿಜಯಂಗೈದಿದ್ದ, ಕಿರೀಟದ ತುದಿ ಸ್ವಲ್ಪ ಮುರಿದಿರುವ, ಮಾನ್ಯ ಕರಿ ರಾಜರ ಸನ್ನಿಧಿಗೆ ಅದಿಯಮಾನ್‌ಕೋಟೆಯ ದೊಡ್ಡಣ್ಣನು ಕೈಕಟ್ಟಿ ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಕಳೆದ ಭಾನುವಾರ ಸಂಜೆ ತಮ್ಮನ್ನು ಕಾಯಿಗಳ ಚೀಲಕ್ಕೆ ಹಾಕುವಾಗ ನನ್ನ ಕೈ ಜಾರಿ ತಾವು ಒಮ್ಮೆ ನೆಲಕ್ಕೆ ಬಿದ್ದಿರಿ, ಅದಕ್ಕೆ ಮೊದಲು ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಐದನೇ ಕ್ಲಾಸನ್ನು ಕನ್ನಡದಲ್ಲಿ ಎರಡು ಸಲ, ಆರನೆಯದನ್ನು ತಮಿಳಿನಲ್ಲಿ ಅರ್ಧ ಸಲ ಓದಿದವನಾದ್ದರಿಂದ, ಈ ಪತ್ರದ ಕಾಗುಣಿತವನ್ನು ನನ್ನ ಹೆಂಡತಿ ಮೇನಕಾ ತಿದ್ದಿದ್ದಾಳೆ. ತಿದ್ದುವಾಗ ಆಕೆ ಎರಡು ಕಡೆ ನಕ್ಕಳು. ಅದು ಯಾವ ಕಡೆಗಳೆಂದು ನಾನು ಕೇಳಲಿಲ್ಲ, ಕೇಳಿದರೆ ಪತ್ರವನ್ನೇ ಕಳುಹಿಸಲಾರೆನೆಂಬ ಹೆದರಿಕೆಯಿಂದ.

ನನ್ನ ಅಹವಾಲು ಇಷ್ಟೇ. ಹೈವೇ ಪಕ್ಕದ, ಸವೆದ ಟೈರಿಗೆ ಹೊಸ ರಬ್ಬರು ಕೂರಿಸುವ ನಮ್ಮ ರಿಟ್ರೆಡಿಂಗ್ ಶೆಡ್ಡಿನಲ್ಲಿ, ಟೈರು ಬೇಯುವಷ್ಟು ಹೊತ್ತು ಕೂತು ಆಡುವ ಆಟದಲ್ಲಿ, ತಾವು ಇಪ್ಪತ್ತು ವರ್ಷದಿಂದ ಕುದುರೆಯಂತೆ ನೆಗೆಯುತ್ತ ಬಂದಿದ್ದೀರಿ. ಮೊದಲ ಚೆಕ್ ಬೀಳುವ ತನಕ ರಾಜನಾದವನು ಒಂದೇ ಒಂದು ಸಲ ಕುದುರೆಯ ನಡೆ ನಡೆಯಬಹುದು ಎಂಬ ಕಟ್ಟಳೆಯನ್ನು ನನಗೆ ಕಲಿಸಿದವರು ಶೆಡ್ಡಿನ ಯಜಮಾನರಾದ ಬೈರಪ್ಪನವರು, ಅವರಿಗೆ ಕಲಿಸಿದವರು ಅವರ ತಾತ. ಆ ಒಂದು ನೆಗೆತಕ್ಕಾಗಿ ನಾವು ಆಟವಿಡೀ ಕಾಯುತ್ತೇವೆ. ನಾನು ನೆಗೆಯಲು ಹೆದರಿ ಕೂತರೆ ಬೈರಪ್ಪನವರು, "ಲೇ ದೊಡ್ಡಣ್ಣ, ರಾಜನ್ನ ಇನ್ನೂ ಕಟ್ಟಾಕೊಂಡೇ ಕುಂತಿದ್ಯಲ್ಲಾ, ಉಲ್ಲು ಆಕ್ತೀಯೇನ್ಲಾ ಅದಕ್ಕೆ?" ಎಂದು ಎಲ್ಲರ ಮುಂದೆ ಕೇಳುತ್ತಿದ್ದರು. ಇಂಥ ತರಬೇತಿಯಲ್ಲಿ ಬೆಳೆದವನು ನಾನು. ಸರ್ಕಾರದವರು ಒಪ್ಪಿದ ಚೆಸ್ಸಿನಲ್ಲಿ ತಾವು ನೆಗೆಯುವುದಿಲ್ಲ, ಸದಾ ಒಂದೊಂದೇ ಮನೆ ನಡೆಯುತ್ತೀರಿ ಎಂಬ ಸಂಗತಿ ನನಗೆ ತಿಳಿದದ್ದು ಮೂರು ವರ್ಷದ ಹಿಂದೆ. ತಲೆಗೆ ತಿಳಿಯಿತು. ಕೈಗೆ ತಿಳಿದಿಲ್ಲವೆಂಬುದೇ ಈ ಪತ್ರದ ವಿಷಯ.

ಸೇಲಂಗೆ ಮುಂಚೆ ಮೂರು ವರ್ಷದಲ್ಲಿ ಮೂರು ಟೂರ್ನಮೆಂಟ್ ಆಡಿದೆ, ಒಟ್ಟು ಹದಿನೈದು ಆಟ. ಪಾಯಿಂಟು ಸೊನ್ನೆ. ನನ್ನಷ್ಟು ಏರುಪೇರಿಲ್ಲದೆ ಆಡಿದವರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲವೆಂದು ನನ್ನ ಗುರುಗಳಾದ ನಾರಪ್ಪನವರು ಹೊಗಳಿದ್ದಾರೆ. ಅವರು ಧರ್ಮಪುರಿಯಲ್ಲಿ ಟೈಪ್‌ರೈಟಿಂಗ್ ಹೇಳಿಕೊಡುವವರು, ಸಂಜೆ ಆರರ ಮೇಲೆ ಚೆಸ್ ಹೇಳಿಕೊಡುತ್ತಾರೆ. ನನ್ನ ಆಟಗಳನ್ನೆಲ್ಲ ಬೋರ್ಡಿನ ಮೇಲೆ ಮತ್ತೆ ಆಡಿಸಿ ನೋಡಿ, ನನಗೆ ಬುದ್ಧಿ ಕಡಿಮೆಯಲ್ಲ, ಗಾಬರಿ ಜಾಸ್ತಿ ಎಂದು ತೀರ್ಪು ಕೊಟ್ಟರು. ಗಡಿಯಾರದ ಟಿಕ್ ಟಿಕ್ ಕೇಳಿದರೆ ಸಾಕು, ನಾನು ಯಾವುದೋ ಕಾಯಿಯನ್ನು ಎಲ್ಲಿಗೋ ದೂಡಿ ಗುಂಡಿ ಒತ್ತಿಬಿಡುತ್ತೇನೆ, ಹಾಗಾಗಿ ಒಂದೂಕಾಲು ಗಂಟೆ ಟೈಮು ಕೈಯಲ್ಲಿಟ್ಟುಕೊಂಡೇ ಸೋಲುತ್ತೇನೆ. ಅದಕ್ಕೆ ಅವರು ಕೊಟ್ಟ ಮದ್ದು ಇದು: "ಕೈ ಎಲ್ಡೂನೂ ತೊಡೆ ಕೆಳ್ಗೆ ಇಕ್ಕೊಂಡು ಕೂತ್ಕೊ. ಅತ್ತು ಎಣ್ಸು. ಆಮ್ಯಾಕೂ ಅದೇ ಆಟ ಸರಿ ಅನ್ನಿಸಿದ್ರೆ ಆಡು."

ನಾನು ಶ್ರದ್ಧೆಯಿಂದ ಕೂತೆ, ಮಾನ್ಯರೇ. ಮನೆಯಲ್ಲಿ ಊಟಕ್ಕೆ ಮುಂಚೆಯೂ ಕೂತೆ, ಬಸ್ಸಿನಲ್ಲಿ ಕಂಡಕ್ಟರು ಟಿಕೇಟು ಕೇಳಿದಾಗಲೂ ಕೂತಿದ್ದೆ, ಹತ್ತು ಎಣಿಸಿ ಮುಗಿಯುವಷ್ಟರಲ್ಲಿ ಅವರು ಹಿಂದಿನ ಸೀಟಿಗೆ ಹೋಗಿ ಬಂದು ಬೈದರು. ಮನಸ್ಸು ಗಟ್ಟಿಯಾಗಲೆಂದು ಗುರುಗಳು ಇನ್ನೊಂದು ಅಭ್ಯಾಸವನ್ನೂ ಹೇಳಿದ್ದರು. ಆಟಕ್ಕೆ ಮುಂಚೆ ನಮ್ಮ ಹೆದರಿಕೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡರೆ ಅವು ಜೇಬಿನಲ್ಲೇ ಇರುತ್ತವಂತೆ. ನಾನು ಸೇಲಂ ದಾರಿಯ ತೊಪ್ಪೂರು ಘಾಟಿಯಲ್ಲಿ ಲಾರಿ ಅಡ್ಡ ನಿಂತರೆ ಎಂಬುದರಿಂದ ಶುರುಮಾಡಿ, ಶೆಡ್ಡಿನ ಬಾಯ್ಲರು ಆರಿಸಿದೆನೋ ಇಲ್ಲವೋ ಎಂಬುದನ್ನು ದಾಟಿ, ಎರಡು ಹಾಳೆ ತುಂಬ ಬರೆದೆ. ಆಮೇಲೆ ಆ ಚೀಟಿ ಯಾರ ಕೈಗಾದರೂ ಸಿಕ್ಕಿ ಓದಿಬಿಟ್ಟರೆ ಎಂಬ ಹೊಸ ಹೆದರಿಕೆ ಹುಟ್ಟಿತು. ಹಾಳೆಯಲ್ಲಿ ಜಾಗವಿರಲಿಲ್ಲ.

ಇದನ್ನೆಲ್ಲ ಇಷ್ಟು ಪಾಡುಪಟ್ಟು ಮಾಡಿದ್ದು ಏಕೆಂದು ತಾವು ಕೇಳಬಹುದು. ಈ ಸಲ ಒಂದಾದರೂ ಪಾಯಿಂಟು ತರದಿದ್ದರೆ ಬೋರ್ಡು ಮಡಚಿ ಟ್ರಂಕಿನೊಳಗಿಟ್ಟು, ಇನ್ನು ಚೆಸ್ಸಿನ ಮಾತೆತ್ತುವುದಿಲ್ಲವೆಂದು ನಾನು ಮೇನಕಾಳಿಗೆ ಮಾತು ಕೊಟ್ಟಿದ್ದೆ. ಆಕೆ ಕೇಳಿರಲಿಲ್ಲ, ನಾನೇ ಕೊಟ್ಟದ್ದು. ಕೊಟ್ಟ ಮರುಗಳಿಗೆಯೇ ಅದನ್ನು ವಾಪಸು ಕೇಳೋಣವೆನ್ನಿಸಿತು. ಏಕೆಂದರೆ ಬೆಳಗ್ಗೆ ಎದ್ದಾಗಿನಿಂದ ನೂರಾರು ಚಿಂತೆ ಹೊತ್ತು ತಿರುಗುವ ನನಗೆ, ಬೋರ್ಡಿನ ಮುಂದೆ ಕೂತ ಹೊತ್ತು ಮಾತ್ರ ಇರುವುದು ಒಂದೇ ಚಿಂತೆ, ಅದು ತಮ್ಮದು. ಅದನ್ನೂ ಟ್ರಂಕಿಗೆ ಹಾಕಿದ ಮೇಲೆ ನಾನು ಎಲ್ಲಿಗೆ ಹೋಗಿ ಕೂರಲಿ?

ಸೇಲಂನ ಆ ಕಲ್ಯಾಣ ಮಂಟಪದಲ್ಲಿ ಮೊದಲ ನಾಲ್ಕು ಆಟವನ್ನು ಎಂದಿನ ನಿಷ್ಠೆಯಿಂದ ಸೋತೆ. ಎರಡನೆಯದರಲ್ಲಿ ತೊಡೆಯ ಕೆಳಗಿದ್ದ ಕೈಗೆ ಜೋಮು ಹಿಡಿದು, ಎತ್ತಿದಾಗ ಅದು ನನ್ನ ಮಾತು ಕೇಳದೆ ಎದುರಿನವರ ಆನೆಯನ್ನೂ ಎರಡು ಸಿಪಾಯಿಗಳನ್ನೂ ಉರುಳಿಸಿತು. ಅಂದು ನಾನು ಎದುರಾಳಿಗೆ ಮಾಡಿದ ನಷ್ಟ ಅಷ್ಟೇ.

ಐದನೆಯದು, ಕೊನೆಯದು. ನನಗೆ ಕರಿ ಕಾಯಿ. ಎದುರಿಗೆ ಆತ್ತೂರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸದಲ್ಲಿರುವ ಪೂಂಗೊಡಿ ಎಂಬ ಹೆಣ್ಣುಮಗಳು. ಅವರು ಕಾಯಿಯನ್ನು ಇಡುವ ರೀತಿಯೇ ಬೇರೆ, ಸದ್ದಿಲ್ಲದೆ, ಮಲಗಿದ ಮಗುವನ್ನು ಎಬ್ಬಿಸಬಾರದೆಂಬಂತೆ. ನಾನು ಕೈ ಮೇಲೆ ಕೂತು, ಹತ್ತು ಹತ್ತು ಎಣಿಸುತ್ತ, ಒಂದೂವರೆ ಗಂಟೆ ಉಳಿದುಕೊಂಡೆ. ನನ್ನ ಮಟ್ಟಿಗೆ ಅದೇ ದಾಖಲೆ. ಆಗ ಅವರ ರಾಣಿ ಬಂದು ತಮ್ಮ ಅರಮನೆಯ ಎದುರಿಗೆ ನಿಂತಳು, ಅವಳ ಬೆನ್ನಿಗೆ ಅವರ ಕುದುರೆ ನಿಂತಿತು. ಮುಂದಿನ ನಡೆಗೆ ತಮ್ಮ ಕಥೆ ಮುಗಿಯಿತೆಂದು ನನಗೂ ಕಂಡಿತು. ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ಇಪ್ಪತ್ತೊಂದಕ್ಕೆ ಕಣ್ಣ ಮುಂದೆ ಬೆಳಕು ಹೊತ್ತಿಕೊಂಡಿತು. ಇಷ್ಟು ಹೊತ್ತಾದರೂ ತಮಗೆ ಒಂದೂ ಚೆಕ್ ಬಿದ್ದಿಲ್ಲ! ಅಂದರೆ ತಮ್ಮ ನೆಗೆತ ಇನ್ನೂ ಬಾಕಿಯಿದೆ! ಬಲಗೈ ತಾನಾಗಿ ತೊಡೆಯ ಕೆಳಗಿಂದ ಹೊರಬಂತು, ತಮ್ಮನ್ನು ಎತ್ತಿತು, ಸಿಪಾಯಿಗಳ ತಲೆಯ ಮೇಲಿಂದ ಕುದುರೆಯಂತೆ ಹಾರಿಸಿ ಬಯಲಿನಲ್ಲಿ ಇಳಿಸಿ ಗುಂಡಿ ಒತ್ತಿತು. ಬೈರಪ್ಪನವರು ನೋಡಿದ್ದರೆ ಕಣ್ಣಲ್ಲಿ ನೀರು ಹಾಕಿಕೊಳ್ಳುತ್ತಿದ್ದರು.

ಪೂಂಗೊಡಿಯವರು ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು, ಗಡಿಯಾರ ನಿಲ್ಲಿಸಿದರು. "ಅಣ್ಣಾ, ಇದು ಎಂದ ಊರು ಆಟಂ?" ಎಂದು, ಇದು ಯಾವ ಊರಿನ ಆಟವೆಂದು, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದರು. ಅವರು ಕೈಯೆತ್ತಿ ಕರೆದಾಗ ಬಂದ, ಆಟದ ತೀರ್ಪು ಕೊಡುವ ಆರ್ಬಿಟರು ಕನ್ನಡಕ ಸರಿಮಾಡಿಕೊಂಡು, "ಸಾರ್, ರಾಜಾ ಕುದಿರೈ ಇಲ್ಲೈ," ಎಂದರು. ರಾಜನು ಕುದುರೆಯಲ್ಲವೆಂದು ನನಗೆ ನಲವತ್ತನೇ ವಯಸ್ಸಿನಲ್ಲಿ, ಸುತ್ತಲಿನ ಆರು ಮೇಜಿನವರ ಎದುರಿಗೆ ತಿಳಿಸಲಾಯಿತು. ಮುಟ್ಟಿದ ಕಾಯಿಯನ್ನೇ ಆಡಬೇಕೆಂಬ ನಿಯಮದಂತೆ, ತಮ್ಮನ್ನು ಹಿಂದಕ್ಕೆ ತಂದು, ನ್ಯಾಯವಾದ ಒಂದು ಹೆಜ್ಜೆ ನಡೆಸಲು ಅಪ್ಪಣೆಯಾಯಿತು.

ಖಾಲಿಯಿದ್ದದ್ದು ಒಂದೇ ಮನೆ. ಮುಂದಕ್ಕೆ, ಶತ್ರುವಿನ ಬಾಯಿಗೇ. ನಾನಾಗಿ ಆಡುವುದಿದ್ದರೆ ಸತ್ತರೂ ಆಡದ ಮನೆ. ಕಣ್ಣು ಮುಚ್ಚಿಕೊಂಡು ಇಟ್ಟೆ.

ಹದಿನೆಂಟು ನಿಮಿಷ ಪೂಂಗೊಡಿಯವರು ತಲೆ ಎತ್ತಲಿಲ್ಲ. ಆಮೇಲೆ ನನಗೂ ಕಂಡಿತು. ಆ ಒಂದು ಹೆಜ್ಜೆಯಿಂದ ತಾವು ನೇರವಾಗಿ ಅವರ ಕುದುರೆಯನ್ನೇ ಮುಟ್ಟುತ್ತಿದ್ದಿರಿ, ಅದಕ್ಕೆ ಕಾವಲಿಗೆ ಯಾರೂ ಇರಲಿಲ್ಲ. ಕುದುರೆ ಹಿಂದೆ ಸರಿಯಿತು, ರಾಣಿ ಒಂಟಿಯಾದಳು, ಕಾಯಿಗಳು ಒಂದೊಂದಾಗಿ ಖಾಲಿಯಾಗಿ, ಕಡೆಗೆ ಬೋರ್ಡಿನ ಮೇಲೆ ಇಬ್ಬರು ರಾಜರು ಮಾತ್ರ ಉಳಿದು, ಸಂಜೆ ವಾಕಿಂಗ್ ಹೊರಟ ಪೆನ್ಶನ್‌ದಾರರಂತೆ ಒಬ್ಬರನ್ನೊಬ್ಬರು ದೂರದಿಂದ ನೋಡುತ್ತ ನಿಂತರು. ಡ್ರಾ. ಅರ್ಧ ಪಾಯಿಂಟು. ಪೂಂಗೊಡಿಯವರು ಕೈಕುಲುಕಿ, ಆ ನಡೆ ಬಹಳ ಧೈರ್ಯದ್ದೆಂದು ತಮಿಳಿನಲ್ಲಿ ಹೊಗಳಿದರು. ಅದು ಧೈರ್ಯವಲ್ಲ, ದಂಡ ಎಂದು ಹೇಳುವಷ್ಟು ಧೈರ್ಯ ನನಗೆ ಇರಲಿಲ್ಲ.

ಈಗ ತಾವೇ ಹೇಳಬೇಕು. ಮೂರು ವರ್ಷ ಕೈ ಮೇಲೆ ಕೂತು, ಎಣಿಸಿ, ಚೀಟಿ ಬರೆದು ನಾನು ಸಂಪಾದಿಸಿದ್ದು ಸೊನ್ನೆ. ತಪ್ಪು ಮಾಡಿ, ಸಿಕ್ಕಿಬಿದ್ದು, ಬಲವಂತಕ್ಕೆ ಇಟ್ಟ ಒಂದು ಹೆಜ್ಜೆಯಿಂದ ಬಂದದ್ದು ಅರ್ಧ. ಈ ಅರ್ಧ ಯಾರದು? ನನ್ನದೋ, ತಮ್ಮದೋ, ಆರ್ಬಿಟರದೋ? ಆದಕಾರಣ ಈ ಕೆಳಗಿನ ಬೇಡಿಕೆಗಳನ್ನು ತಮ್ಮ ಪಾದಕ್ಕೆ ಇಡುತ್ತಿದ್ದೇನೆ. ಒಂದೋ ತಾವು ಎಲ್ಲ ಊರುಗಳಲ್ಲೂ ನೆಗೆಯಬೇಕು, ಇಲ್ಲವೇ ನಮ್ಮ ಶೆಡ್ಡಿನಲ್ಲೂ ಮರ್ಯಾದೆಯಿಂದ ನಡೆಯಬೇಕು. ಅದೂ ಆಗದಿದ್ದರೆ ನನ್ನ ಪ್ರತಿ ಆಟದಲ್ಲೂ ಆರ್ಬಿಟರೊಬ್ಬರು ಬೆನ್ನ ಹಿಂದೆ ನಿಂತು, ನಾನು ಆಡಲು ಒಲ್ಲದ ನಡೆಯನ್ನೇ ಗದರಿಸಿ ಆಡಿಸುವಂತೆ ತಾವು ದಯಮಾಡಿ ಮೇಲಿನವರಿಗೆ ಶಿಫಾರಸು ಮಾಡಬೇಕು.

ಊರಿಗೆ ಬಂದು ಮೇನಕಾಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಒಂದು ಪಾಯಿಂಟಿನ ಮಾತಾಗಿತ್ತು, ಬಂದದ್ದು ಅರ್ಧ, ಅದೂ ನನ್ನದಲ್ಲ ಎಂದೆ. ಟ್ರಂಕನ್ನೂ ನಾನೇ ಎಳೆದು ತಂದೆ, ಬೋರ್ಡನ್ನೂ ಮಡಚಿದೆ. ಆಕೆ ಹುರುಳಿಕಾಳು ಆರಿಸುತ್ತಿದ್ದವಳು ಮೊರ ಕೆಳಗಿಟ್ಟು, ಬೋರ್ಡನ್ನು ನನ್ನ ಕೈಯಿಂದ ಕಿತ್ತು, ಮತ್ತೆ ಬಿಡಿಸಿ ನೆಲದ ಮೇಲೆ ಹಾಸಿದಳು. "ಇದ್ನ ಪೆಟ್ಟಿಗೆಗೆ ಆಕ್ಬುಟ್ರೆ ನಿಮ್ ಚಿಂತೆನೆಲ್ಲ ತಂದು ನನ್ ತಲೆ ಮ್ಯಾಲೆ ಸುರೀತೀರ. ಅದು ಆ ರಾಜನ್ ತಲೆ ಮ್ಯಾಲೇ ಇರ್ಲಿ. ಅವ್ನು ಮರದೋನು, ತಡ್ಕಂತಾನೆ."

ಆದ್ದರಿಂದ ಮಾನ್ಯರೇ, ನನ್ನ ದೂರನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ, ತಮ್ಮನ್ನು ಬಿಡುವಂತೆಯೂ ಇಲ್ಲ. ನನ್ನ ಮನೆಯವರ ಆಜ್ಞೆಯಾಗಿದೆ. ತಾವು ತಲೆ ಗಟ್ಟಿಯಾಗಿ ಹಿಡಿದುಕೊಳ್ಳಬೇಕೆಂದು ಬೇಡುವ,

ತಮ್ಮ ವಿಶ್ವಾಸಿ,
ಎಂ. ದೊಡ್ಡಣ್ಣ
ಅದಿಯಮಾನ್‌ಕೋಟೆ, ಧರ್ಮಪುರಿ ಜಿಲ್ಲೆ
೧೯೯೬

ತಾ.ಕ.: ಈ ಪತ್ರವನ್ನು ಕಾರ್ಬನ್ ಇಟ್ಟು ಬರೆದಿದ್ದೇನೆ. ಮುಂದಿನ ತಿಂಗಳು ಈರೋಡಿನಲ್ಲಿ ನನಗೆ ಬಿಳಿ ಕಾಯಿ ಬಿದ್ದರೆ, ಎರಡನೇ ಪ್ರತಿಯಲ್ಲಿ ಬಣ್ಣ ತಿದ್ದಿ ಬಿಳಿ ರಾಜರಿಗೂ ಕಳುಹಿಸುವುದಾಗಿದೆ. ಅವರ ತಪ್ಪೇನೆಂದು ತಾವು ಕೇಳಬೇಡಿ. ಆಡುವವನು ನಾನೇ ಆದ್ದರಿಂದ ತಪ್ಪಿಗೆ ಕೊರತೆಯಾಗದು.