ವಿಭೂತಿ ಹಚ್ಚಿಕೊಂಡ ಬಂದೂಕುಗಳು

ನನ್ನ ಮೈದುನ ಕಲ್ಲಣ್ಣನಿಗೆ ಕಣ್ಣಿರುವುದು ಮುಖ ಬರಿದಾಗಿ ಕಾಣಬಾರದೆಂಬ ಒಂದೇ ಕಾರಣಕ್ಕೆ. ಅವನು ಏನನ್ನೂ ನೋಡುವುದಿಲ್ಲ. ಮನೆಗೆಲ್ಲ ಸುಣ್ಣ ಬಳಿಸಿ ತಿಂಗಳಾದ ಮೇಲೆ ‘ಗ್ವಾಡಿಗಿ ಏನರೆ ಮಾಡೀರೇನು?’ ಎಂದು ಕೇಳಿದ ಮಹಾನುಭಾವ. ಹೆಂಡತಿ ಹೊಸ ಮೂಗುತಿ ಇಟ್ಟುಕೊಂಡದ್ದು ಅವನಿಗೆ ಗೊತ್ತಾದದ್ದು ಅಕ್ಕಸಾಲಿಗ ದಾರಿಯಲ್ಲಿ ನಿಲ್ಲಿಸಿ ‘ಹೆಂಗ ಕಾಣಸ್ತದ?’ ಎಂದು ಕೇಳಿದಾಗ. ನಾನು ಇತಿಹಾಸ ಕಲಿಸಿದವಳು. ಆಧಾರವಿಲ್ಲದೆ ತೀರ್ಪು ಕೊಡುವ ಅಭ್ಯಾಸ ನನಗಿಲ್ಲ.

ಬೇಕಾದರೆ ಸಿನಿಮಾ ಥಿಯೇಟರಿನ ಆಧಾರವನ್ನೂ ಕೊಡಬಲ್ಲೆ. ಕಲ್ಲಣ್ಣನದು ಮೈಂದರ್ಗಿಯಲ್ಲಿ ಒಕ್ಕಲುತನ. ಸೊಲ್ಲಾಪುರದ ಅಡತಿಗೆ ಕಾಳು ಹಾಕಲು ಬಂದಾಗಲೆಲ್ಲ ನವಿ ಪೇಠೆಯ ನನ್ನ ಮನೆಯ ಮೆಟ್ಟಿಲು ಹತ್ತಿ, ಚಹಾ ಕುಡಿದು, ‘ಏಳ್ರಿ ವೈನಿ, ಲಢಾಯಿ ಪಿಚ್ಚರ್ ಹತ್ಯಾದ’ ಎಂದು ನನ್ನನ್ನು ಎಬ್ಬಿಸಿಕೊಂಡು ಹೋಗುತ್ತಾನೆ. ಅವನಿಗೆ ಯುದ್ಧದ ಸಿನಿಮಾ ಎಂದರೆ ಪ್ರಾಣ. ನನಗೆ ಪ್ರಾಣಸಂಕಟ. ಬಿಜಾಪುರದ ತೋಪುಗಳ ಮೇಲೆ ಪುಣೆಯಲ್ಲಿ ಪ್ರಬಂಧ ಬರೆದು ಡಾಕ್ಟರ್ ಎನಿಸಿಕೊಂಡವಳು ನಾನು. ಕಾಲೇಜಿನ ಹುಡುಗಿಯರಿಗೆ ಎನ್.ಸಿ.ಸಿ. ನಡೆಸಿದವಳು, ತ್ರೀ ನಾಟ್ ತ್ರೀ ರೈಫಲನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದವಳು. ಅಂಥವಳ ಕಣ್ಣೆದುರಿಗೇ ನಾಯಕನಾದವನು, ಗುಂಡಿಗೊಮ್ಮೆ ಬೋಲ್ಟ್ ಎಳೆಯಬೇಕಾದ ರೈಫಲನ್ನು ಒಮ್ಮೆಯೂ ಎಳೆಯದೆ, ಇಡೀ ಪಲ್ಟಣವನ್ನು ಮಲಗಿಸಿಬಿಡುತ್ತಾನೆ.

‘ಕಲ್ಲಣ್ಣ, ಅವ ಬೋಲ್ಟ್ ಎಳದೇ ಇಲ್ಲ.’

‘ಯಾಂವ್ರಿ?’

‘ಹೀರೋ. ಅದರಾಗ ಹಿಡಿಯೂದು ಹತ್ತೇ ಗುಂಡು. ಈಗ ಎಷ್ಟು ಹಾರಿಸಿದ?’

‘ನಾ ಎಣಿಸಿಲ್ರಿ ವೈನಿ.’

‘ವೈರಿ ಕೈಯಾಗೂ ಅದೇ ಬಂದೂಕು ಅದ, ಕಾಣವಲ್ದೇನು?’

‘ಇಬ್ಬರೂ ಒಂದೇ ಅಂಗಡ್ಯಾಗ ತಗೊಂಡಿರಬೇಕು ಬಿಡ್ರಿ.’

ಹಿಂದಿನ ಸಾಲಿನವರು ಶ್‌ ಎಂದರು. ಹೊರಗೆ ಬಂದ ಮೇಲೆ, ಇಷ್ಟು ಹೊತ್ತು ನೀನು ನೋಡಿದ್ದಾದರೂ ಏನು ಎಂದು ಕೇಳಿದೆ. ಬಹಳ ವಿಚಾರ ಮಾಡಿ ಹೇಳಿದ: ‘ಹಾಡಿನಾಗ ಒಂದು ಜೋಡಿ ಎತ್ತ ಬಂದಿದ್ವಲ್ರಿ, ಚಲೋ ಇದ್ವು.’

ನನ್ನ ಇರುವಿಕೆಯನ್ನೂ ಇಲ್ಲಿ ಹೇಳಿಬಿಡುತ್ತೇನೆ. ಬಟ್ಟೆ ಅಂಗಡಿಯ ಮೇಲೆ ಎರಡು ಕೋಣೆ. ಯಜಮಾನರು ತೀರಿಕೊಂಡ ಮೇಲೆ ಕಾಲೇಜು ಇತ್ತು. ಆಮೇಲೆ ಕಾಲೇಜಿನವರೂ ಒಂದು ಶಾಲು ಹೊದಿಸಿ ಮನೆಗೆ ಕಳಿಸಿದರು. ಬೆಳಿಗ್ಗೆ ಹಾಲಿನವನು ಪಾತ್ರೆ ಒಡ್ಡಿರೆಂದು ‘ಬಾಯಿ, ಪಾತೇಲಿ’ ಎಂದು ಕೂಗುತ್ತಾನೆ. ಮರುದಿನ ಅವನೇ ಮತ್ತೆ ಕೂಗುವ ತನಕ ನನ್ನೊಂದಿಗೆ ಯಾರೂ ಮಾತಾಡುವುದಿಲ್ಲ. ಓದುವುದಕ್ಕೆ ಬಹಳ ಅನುಕೂಲ. ತೊಂದರೆ ಒಂದೇ: ತಲೆಯಲ್ಲಿ ಇಷ್ಟೊಂದು ಸರಕು ತುಂಬಿಕೊಂಡು ಕೂತವಳನ್ನು ಯಾರೂ ಏನೂ ಕೇಳುವುದಿಲ್ಲ. ಗಿರಾಕಿ ಹತ್ತದ ಗೋದಾಮಿನಲ್ಲಿ ಕಾವಲುಗಾರ ಕೂತಂತೆ ನಾನು ಕೂತಿರುತ್ತೇನೆ.

ಎಪ್ಪತ್ನಾಲ್ಕರ ದಸರೆಯ ಮುಂಚೆ ಕಲ್ಲಣ್ಣ ಬಂದು, ಚಹಾದ ಬಟ್ಟಲು ಕೆಳಗಿಡುತ್ತ, ಮಳೆ ಬಂತು ಎನ್ನುವಷ್ಟೇ ಸಹಜವಾಗಿ ಹೇಳಿದ: ‘ನಮ್ಮ ಮಾಳದಾಗ ಯಾರೋ ಲಢಾಯಿ ಮಾಡಾಕತ್ಯಾರ್ರಿ.’

ವಿಚಾರಿಸಿದರೆ, ಕೊಲ್ಹಾಪುರದ ಕಡೆಯ ಒಂದು ಸಣ್ಣ ಸಿನಿಮಾ ಕಂಪನಿ. ಅರವತ್ತೈದರ ಯುದ್ಧದ ಕಥೆ. ಹಿಮಾಲಯಕ್ಕೆ ಹೋಗುವ ಶಕ್ತಿ ಇಲ್ಲದ್ದರಿಂದ ಯುದ್ಧವನ್ನು ರಾಜಸ್ಥಾನಕ್ಕೆ ವರ್ಗಾಯಿಸಿ, ರಾಜಸ್ಥಾನವನ್ನು ಮೈಂದರ್ಗಿಯ ಬೋಳು ಬಯಲಾದ ಆ ಮಾಳಕ್ಕೆ ತಂದುಕೊಂಡಿದ್ದರು. ಸಾಮಾನೆಲ್ಲ ಕಲ್ಲಣ್ಣನ ಪಡಸಾಲೆಯಲ್ಲಿತ್ತು.

‘ಬಂದೂಕಿನ ಸುದ್ದಿ ಬಂತು. ನಮ್ಮ ವೈನಿನ್ನ ಕೇಳ್ರಿ ಅಂತ ಬಾಯಿ ತಪ್ಪಿ ಅಂದೀನಿ. ಕರಕೊಂಡ ಬಾ ಅಂದಾರ. ನಿಮಗೆ ತ್ರಾಸಂದ್ರ ಬ್ಯಾಡ ಬಿಡ್ರಿ.’

ನನಗೆ ತ್ರಾಸೇ? ಅಂದೇ ಚೀಲ ತುಂಬಿದೆ. ಭಾರತದ ಚಲನಚಿತ್ರಗಳಲ್ಲಿ ಈವರೆಗೆ ನಡೆದ ಸಕಲ ಶಸ್ತ್ರಾಪಚಾರಗಳಿಗೂ ಮೈಂದರ್ಗಿಯಲ್ಲಿ ಪ್ರಾಯಶ್ಚಿತ್ತವಾಗಬೇಕು. ನಾನು ಬದುಕಿರುವ ತನಕ ಈ ಸಿನಿಮಾದಲ್ಲಿ ಒಂದೇ ಒಂದು ತಪ್ಪು ಬಂದೂಕು ಕಾಣಿಸಕೂಡದು ಎಂದು ಎಸ್.ಟಿ. ಬಸ್ಸಿನ ಕಂಬಿ ಹಿಡಿದು ಪ್ರತಿಜ್ಞೆ ಮಾಡಿದೆ.

ನಿರ್ದೇಶಕ ತುಕಾರಾಮ, ಉಣ್ಣೆಯ ಟೋಪಿ ಹಾಕಿಕೊಂಡು ಬಿಸಿಲಲ್ಲಿ ಬೆವರುವ ದುಂಡನೆಯ ಮನುಷ್ಯ. ನಮ್ಮ ಮಾತುಕತೆ ಮರಾಠಿಯಲ್ಲೇ ನಡೆಯಿತು. ಪಡಸಾಲೆಯಲ್ಲಿ ಒರಗಿಸಿಟ್ಟ ಬಂದೂಕುಗಳನ್ನು ಹೆಮ್ಮೆಯಿಂದ ತೋರಿಸಿದ. ಎಲ್ಲವೂ ಕಟ್ಟಿಗೆಯವು. ಸರೇಸಿನ ಅಂಟಿನಲ್ಲಿ ಮಸಿ ಕಲಸಿ ತಲೆಯಿಂದ ಕಾಲಿನ ತನಕ ಬಳಿದಿದ್ದರು. ಸಾಲಾಗಿ ನಿಂತ ಕಾಗೆಗಳ ಹಾಗಿದ್ದವು.

‘ಇದರ ಬೋಲ್ಟ್ ಎಲ್ಲಿ?’ ಎಂದೆ.

‘ಅದು ಇರಲೇಬೇಕೇ ಬಾಯಿ?’

‘ನಿಮ್ಮ ನಾಯಕನಿಗೆ ಮೂಗು ಇರಲೇಬೇಕೇ?’

ತುಕಾರಾಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವತ್ತಿನಿಂದ ನನ್ನ ಆಳ್ವಿಕೆ ಶುರುವಾಯಿತು. ಅಕ್ಕಲಕೋಟೆಯಿಂದ ಕಿಟಕಿಯ ಚಿಲಕಗಳನ್ನು ತರಿಸಿ ಒಂದೊಂದು ಬಂದೂಕಿಗೆ ಒಂದೊಂದು ಜಡಿಸಿದೆ. ಎಳೆದರೆ ಖಟ್ ಎನ್ನುತ್ತಿತ್ತು, ಅಚ್ಚುಕಟ್ಟಾಗಿ. ಸೈನಿಕರಾಗಲು ಬಂದ ಊರಿನ ಗಂಡಸರಿಗೆ ಬಂದೂಕನ್ನು ಹೆಗಲಿಗೆ ಕೊಡಲಿಯಂತೆ ಹಾಕಿಕೊಳ್ಳಬಾರದೆಂದು ಕಲಿಸಿದೆ. ‘ಬಾಯಿ, ಇದು ಹೆಂಗ?’ ‘ಬಾಯಿ, ಯಾವ ಕಣ್ಣ ಮುಚ್ಚೂದು?’ ‘ಬಾಯಿ, ಸತ್ತ ಮ್ಯಾಲ ಬಂದೂಕ ಬಿಡಬೇಕೋ, ಹಿಡಕೊಂಡೇ ಸಾಯಬೇಕೋ?’ ದಿನವಿಡೀ ಯಾರಾದರೂ ಏನಾದರೂ ಕೇಳುತ್ತಲೇ ಇದ್ದರು. ಗಂಟಲು ಒಡೆದುಹೋಯಿತು. ಅಂಥ ಗಂಟಲು ನೋವು ಬಂದು ವರ್ಷಗಳೇ ಆಗಿದ್ದವು, ಔಷಧ ತಗೊಳ್ಳಲಿಲ್ಲ.

ಕಲ್ಲಣ್ಣನ ಹೆಂಡತಿ ಗುರುಬಾಯಿ ಮಾತ್ರ ಬಂದೂಕುಗಳನ್ನು ದಾಟಿಕೊಂಡು ಓಡಾಡುತ್ತಿದ್ದಳು. ಒಂದರ ಮೇಲೆ ಹಪ್ಪಳದ ಬಟ್ಟೆ ಒಣಹಾಕಿದ್ದಳು. ನನಗೆ ಸಿಟ್ಟು ಬಂತು.

‘ಗುರುಬಾಯಿ, ಇವು ಕಟಗಿ ಅಂತ ತಿಳೀಬ್ಯಾಡ. ಖರೇ ಬಂದೂಕು ಅಂತ ತಿಳಿ. ಖರೇ ಬಂದೂಕಿಗೆ ಹೆಂಗ ನಡಕೋತಿ, ಇವಕ್ಕೂ ಹಂಗೇ ನಡಕೋಬೇಕು.’

‘ಖರೇ ಅಂತ ತಿಳೀಬೇಕ್ರಿ ಅಕ್ಕಾರ?’

‘ಪೂರ್ತಿ ಖರೇ.’

‘ಆತು ಬಿಡ್ರಿ,’ ಎಂದು ಹಪ್ಪಳದ ಬಟ್ಟೆ ತೆಗೆದಳು.

ದೊಡ್ಡ ಕಾಳಗದ ಚಿತ್ರೀಕರಣವನ್ನು ತುಕಾರಾಮ ದಸರೆಯ ಹಿಂದಿನ ದಿನಕ್ಕೆ ಇಟ್ಟುಕೊಂಡಿದ್ದ. ಅವತ್ತು ಯಾರೂ ಹೊಲಕ್ಕೆ ಹೋಗುವುದಿಲ್ಲ, ಜನ ಬೇಕಾದಷ್ಟು ಸಿಗುತ್ತಾರೆ ಎಂಬ ಲೆಕ್ಕ. ಯಾಕೆ ಹೊಲಕ್ಕೆ ಹೋಗುವುದಿಲ್ಲ ಎಂದು ಅವನೂ ಯೋಚಿಸಲಿಲ್ಲ, ಡಾಕ್ಟರ್ ಪದವಿಯ ನಾನೂ ಯೋಚಿಸಲಿಲ್ಲ. ಮರುದಿನ ಬೆಳಿಗ್ಗೆ ನಾಯಕ ಮುಂಬಯಿ ಗಾಡಿ ಹಿಡಿಯಬೇಕಿತ್ತು. ಕಾಳಗದ ದಿನ ನಾನು ನಸುಕಿನಲ್ಲೇ ಮಾಳಕ್ಕೆ ಹೋಗಿ, ಕಂದಕಗಳನ್ನು ಪರೀಕ್ಷಿಸಿ, ಬಂದೂಕು ತರಲು ತುಕಾರಾಮನೊಂದಿಗೆ ಮನೆಗೆ ಬಂದೆ.

ಅಂಗಳದ ಮುಸುರೆಬಾನಿಯಲ್ಲಿ ನೀರು ಶಾಯಿಯಂತೆ ಕಪ್ಪಗಿತ್ತು. ಬಿಳಿ ಕರುವೊಂದು ಅದರಲ್ಲಿ ಮೂತಿ ಅದ್ದಿ ಕರಿಮೂತಿಯದಾಗಿ ನಿಂತಿತ್ತು. ಗೋಡೆಯುದ್ದಕ್ಕೂ ನೇಗಿಲು, ಕುಂಟೆ, ಕುಡುಗೋಲು, ಹೊಲಿಗೆ ಮಷೀನು, ಸೈಕಲ್ಲು; ಅವುಗಳ ಪಕ್ಕದಲ್ಲಿ ನಮ್ಮ ಎರಡೂ ದೇಶಗಳ ಸೈನ್ಯದ ಸಮಸ್ತ ಬಂದೂಕುಗಳು. ತೊಳೆದು, ಮಸಿಯೆಲ್ಲ ಹೋಗಿ, ಹಸಿಕಟ್ಟಿಗೆಯ ಬಣ್ಣಕ್ಕೆ ಬಂದಿದ್ದವು. ಒಂದೊಂದರ ಹಿಡಿಗೂ ಮೂರು ಬೆರಳಿನ ವಿಭೂತಿ. ಚಿಲಕಕ್ಕೆ ಅರಿಷಿಣ ಕುಂಕುಮ. ಕೊರಳಿಗೆ ಚೆಂಡು ಹೂವು. ವೈರಿ ಸೈನ್ಯಕ್ಕೂ ಭೇದ ಮಾಡಿರಲಿಲ್ಲ.

ಖಂಡೇನವಮಿ. ಆಯುಧಪೂಜೆ.

ತುಕಾರಾಮ ಕಟ್ಟೆಯ ಮೇಲೆ ಕುಸಿದು ಕೂತ. ನಾನು ಕಲ್ಲಣ್ಣನತ್ತ ತಿರುಗಿದೆ.

‘ನೀ ಮನಿಯಾಗೇ ಇದ್ದಿಯಲ್ಲ. ಇದನ್ನ ನೋಡಲಿಲ್ಲೇನು?’

‘ಇಲ್ರಿ ವೈನಿ.’

‘ನಿನ್ನ ಕೈ?’

ಮೊಣಕೈ ತನಕ ಮಸಿಯಾಗಿದ್ದ ತನ್ನ ಕೈಗಳನ್ನು ಅವನು ಯಾರದೋ ಎಂಬಂತೆ ಎತ್ತಿ ನೋಡಿದ. ‘ಹೌದಲ್ರಿ,’ ಎಂದ.

ಬಣ್ಣ ಹೋದರೆ ಹೋಗಲಿ, ದೂರದಿಂದ ತೆಗೆದರಾಯಿತು ಎಂದು ತುಕಾರಾಮ ಮನಸ್ಸು ಗಟ್ಟಿಮಾಡಿಕೊಂಡು ಒಂದು ಬಂದೂಕಿಗೆ ಕೈ ಹಾಕಿದ. ಗುರುಬಾಯಿ ಅಡ್ಡ ನಿಂತಳು.

‘ಪೂಜಿ ಆದ ಆಯುಧ ಇವತ್ತ ಎತ್ತಂಗಿಲ್ಲ. ನಾಳಿ ಬನ್ನಿ ತಂದ ಮ್ಯಾಲ.’

‘ಗುರುಬಾಯಿ, ಇವು ಆಯುಧ ಅಲ್ಲ. ಕಟಗಿ,’ ಎಂದೆ ನಾನು.

‘ಖರೇ ಅಂತ ತಿಳೀಬೇಕು ಅಂದ್ರಿ.’

‘ಅಂದಿದ್ದೆ.’

‘ಪೂರ್ತಿ ಖರೇ ಅಂದ್ರಿ.’

ಅಷ್ಟರಲ್ಲಿ ಸೈನ್ಯವೂ ಬಂದು ಬಾಗಿಲಲ್ಲಿ ನಿಂತಿತ್ತು. ಬಂದೂಕು ಎತ್ತಿರೆಂದರೆ ಎಲ್ಲರೂ ಕೈ ಹಿಂದೆ ಕಟ್ಟಿಕೊಂಡರು. ತುಕಾರಾಮ ನನ್ನನ್ನು ನೋಡಿದ. ನೀವೇ ಹೇಳಬೇಕು ಎನ್ನುವಂತಿತ್ತು ಆ ನೋಟ. ಈ ಕಾಳಗ ನಿಂತರೆ ನನ್ನ ಹುದ್ದೆಯೂ ನಿಂತಂತೆ. ಮತ್ತೆ ಹಾಲಿನವನ ಪಾತೇಲಿ. ಬೇರೆ ದಾರಿ ಇರಲಿಲ್ಲ. ಬಂದೂಕಿನ ಸತ್ಯಾಸತ್ಯತೆಗಾಗಿ ಥಿಯೇಟರಿನಲ್ಲಿ ಊರವರಿಂದ ಶ್‌ ಎನಿಸಿಕೊಂಡ ನಾನು, ಕಟ್ಟೆ ಹತ್ತಿ, ಎನ್.ಸಿ.ಸಿ. ಕವಾಯತಿನ ದನಿಯಲ್ಲಿ ಮೈಂದರ್ಗಿಯ ಜನಕ್ಕೆ ಸಾರಿದೆ:

‘ಕೇಳ್ರಿ. ಈ ಬಂದೂಕು ಎಲ್ಲಾ ಸುಳ್ಳು. ಒಂದಕ್ಕೂ ನಳಿಗಿ ಇಲ್ಲ. ಚಿಲಕ ಕಿಟಕೀದು. ಒಲಿಗೆ ಹಾಕಿದ್ರ ಒಂದು ಹೊತ್ತಿನ ಅಡಿಗಿ ಆಗತದ, ಅಷ್ಟೇ.’

ಯಾರೂ ಅಲುಗಾಡಲಿಲ್ಲ. ಗುರುಬಾಯಿ ಸಮಾಧಾನದಿಂದಲೇ ಕೇಳಿದಳು: ‘ಅವು ಸುಳ್ಳ ಇರಬಹುದ್ರಿ ಅಕ್ಕಾರ. ಪೂಜಿ ಸುಳ್ಳ ಆಗತದೇನು?’

ನಾನು ಕಟ್ಟೆ ಇಳಿದೆ.

ಹಿಂದುಗಡೆಯಿಂದ ಯಾವನೋ ಸೈನಿಕ, ‘ಬಂದೂಕ ಬ್ಯಾಡಾದ್ರ ಕವಣಿ ತರೂಣೇನ್ರಿ?’ ಎಂದ. ಜೋಳದ ಹೊಲದಲ್ಲಿ ಹಕ್ಕಿ ಹೊಡೆಯುವ ಕವಣೆ. ಕವಣೆಗೆ ಪೂಜೆಯಾಗಿಲ್ಲವೇ ಎಂದು ಗುರುಬಾಯಿಯನ್ನು ಕೇಳಲಾಯಿತು. ‘ಕವಣಿ ಎಲ್ಲಿ ಆಯುಧರಿ? ಹಗ್ಗ ಅದ,’ ಎಂದು ಆಕೆ ತೀರ್ಪು ಕೊಟ್ಟಳು.

ತುಕಾರಾಮನ ಮುಖ ಅರಳಿತು. ಅಲ್ಲೇ ಕಥೆ ತಿದ್ದಿದ. ಗುಂಡು ಮುಗಿದುಹೋಗಿವೆ; ವೀರ ಸೈನಿಕರು ಮರುಭೂಮಿಯ ಕಲ್ಲುಗಳಿಂದಲೇ ಕಾದಾಡುತ್ತಾರೆ. ಮೈಂದರ್ಗಿಯ ಗಂಡಸರು ಹುಟ್ಟಿದಾಗಿನಿಂದ ಕವಣೆ ಬೀಸಿದವರು. ಮಧ್ಯಾಹ್ನದೊಳಗೆ ವೈರಿ ಸೈನ್ಯ ನಿಜವಾಗಿಯೇ ಓಡಿತು. ಕ್ಯಾಮೆರಾದ ಛತ್ರಿಗೆ ಎರಡು ತೂತಾದವು. ತುಕಾರಾಮ ಆನಂದದಿಂದ ಕೈ ಕೈ ಹೊಸೆಯುತ್ತ ನನ್ನ ಬಳಿ ಬಂದ.

‘ಬಾಯಿ, ಇನ್ನು ಬಂದೂಕಿನ ಕೆಲಸವೇ ಇಲ್ಲ. ಮುಂದಿನ ಕಾಳಗವೂ ಹೀಗೇ ತೆಗೆಯುತ್ತೇನೆ. ನಿಮಗೆ ಸುಮ್ಮನೆ ತ್ರಾಸ.’

ನನ್ನ ಪ್ರತಿಜ್ಞೆ ಅಕ್ಷರಶಃ ಈಡೇರಿತ್ತು. ಆ ಸಿನಿಮಾದಲ್ಲಿ ತಪ್ಪು ಬಂದೂಕು ಒಂದೂ ಇಲ್ಲ.

ಮಾಳದ ಮೇಲೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಎಲ್ಲರೂ ನನ್ನ ಪಕ್ಕದಿಂದಲೇ ಓಡಾಡುತ್ತಿದ್ದರು. ಯಾವ ಕಣ್ಣು ಮುಚ್ಚಬೇಕೆಂದು ಯಾರೂ ಕೇಳಲಿಲ್ಲ; ಕವಣೆಗೆ ಎರಡೂ ಕಣ್ಣು ತೆರೆದಿರಬೇಕಂತೆ. ಮನೆಗೆ ಹೋಗಿ ಚೀಲ ತುಂಬಿದೆ. ನಾಳೆ ಹಬ್ಬ, ಹೋಳಿಗೆ ಉಂಡು ಹೋಗಿರೆಂದು ಗುರುಬಾಯಿ ಅಂದಳು. ಸೊಲ್ಲಾಪುರದಲ್ಲಿ ಕೆಲಸವಿದೆ ಎಂದೆ. ಏನು ಕೆಲಸ ಎಂದು ಆಕೆ ಕೇಳಲಿಲ್ಲ.

ಕಲ್ಲಣ್ಣ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಬಸ್ ನಿಲ್ದಾಣಕ್ಕೆ ಬಂದ. ಅಕ್ಕಲಕೋಟೆಯ ಬಸ್ಸು ನಿಂತಿತ್ತು. ನಾನು ಮುಂದಿನ ಸೀಟಿನಲ್ಲಿ ಕೂತೆ. ಅವನು ಚೀಲವನ್ನು ಬಸ್ಸಿನ ಮೇಲಿಡಲು ಹಿಂದಿನ ನಿಚ್ಚಣಿಕೆ ಹತ್ತುವುದನ್ನು ನೋಡಿದೆ. ‘ಬರ್ತೀನಿ’ ಎಂದು ಕೂಗಿ ಹೇಳಿದೆ. ಅವನಿಗೆ ಕೇಳಿಸಿತೋ ಇಲ್ಲವೋ. ನಾಳೆ ಬೆಳಿಗ್ಗೆ ನವಿ ಪೇಠೆಯಲ್ಲಿ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ ಎಂಬುದು ಆಗ ನೆನಪಾಯಿತು. ಒಳ್ಳೆಯದೇ, ಗದ್ದಲವಿರುವುದಿಲ್ಲ.

ಕಂಡಕ್ಟರ್ ಪೀರಪ್ಪ, ಅದೇ ಊರಿನವನು, ಟಿಕೀಟಿನ ಪೆಟ್ಟಿಗೆ ಹಿಡಿದು ಬಂದ. ಚಿಲ್ಲರೆ ಮುಂದೆ ಚಾಚಿದೆ. ಅವನು ತಗೊಳ್ಳಲಿಲ್ಲ.

‘ಇಳೀರಿ ಬಾಯಿ.’

‘ಯಾಕ?’

‘ನಿಮಗ ಟಿಕೀಟ ಹರೀಬ್ಯಾಡ ಅಂತ ಕಲ್ಲಣ್ಣ ಮುಂಜಾನೇನೇ ಹೇಳಿ ಹೋಗ್ಯಾನ್ರಿ. ನಿಮ್ಮ ಚೀಲನೂ ಕೆಳಗ ಅದ, ನೋಡ್ರಿ.’

ಮುಂಜಾನೆ ನಾನು ಹೋಗುವೆನೆಂದು ನನಗೇ ಗೊತ್ತಿರಲಿಲ್ಲ. ಕಿಟಕಿಯಿಂದ ನೋಡಿದೆ. ಬೇವಿನ ಮರದ ಕೆಳಗೆ ನನ್ನ ಚೀಲ. ಅದರ ಪಕ್ಕದಲ್ಲಿ ಕಲ್ಲಣ್ಣ, ಬೇರೆ ಯಾವುದೋ ಬಸ್ಸಿಗೆ ಕಾಯುವವನಂತೆ ಆಕಾಶ ನೋಡುತ್ತಿದ್ದ.

ಬಯ್ಯಬೇಕೆಂದೇ ಇಳಿದೆ. ಬಸ್ಸು ಹೋಯಿತು. ಅವನು ನನ್ನ ಮುಖವನ್ನೂ ನೋಡದೆ ಚೀಲವನ್ನು ತಲೆಗೇರಿಸಿ ಮನೆಯ ದಾರಿ ಹಿಡಿದ. ನಾನು ಹಿಂದೆ ನಡೆದೆ. ಉದ್ದ ಹೆಜ್ಜೆಯ ಮನುಷ್ಯ ಅವತ್ತು ಬಹಳ ನಿಧಾನವಾಗಿ ನಡೆಯುತ್ತಿದ್ದ. ಏರು ಬಂದಲ್ಲೆಲ್ಲ, ತಿರುಗದೆ, ಏನನ್ನೋ ನೆನಪಿಸಿಕೊಳ್ಳುವವನಂತೆ ನಿಲ್ಲುತ್ತಿದ್ದ. ನಾನು ಹತ್ತಿರ ಬಂದ ಮೇಲೆ ಮತ್ತೆ ಹೊರಡುತ್ತಿದ್ದ.

ನನ್ನ ಎಡಗಾಲಿನ ಮೊಣಕಾಲು ನೋಯುವ ವಿಷಯ ನಾನು ಯಾರಿಗೂ ಹೇಳಿದವಳಲ್ಲ.