ಐನೂರು ಬೆಳ್ಳಕ್ಕಿ ಬೇಕಾಗಿತ್ತು

"ಮ್ಯಾಲಿಂದ ಫೋಟೋ ತೆಗೀತೈತ್ರಿ" ಎಂದು ಅಜಿಂಕ್ಯ ಬಾಯಿ ತಪ್ಪಿ ಹೇಳಿದ್ದೇ ಎಲ್ಲ ಫಜೀತಿಗೂ ಮೂಲವಾಯಿತು.

ಬೆಳಗಾವಿಯ ಮಹಾಂತೇಶ ನಗರದ ಈ ಹುಡುಗ ಡ್ರೋನ್ ಹಾರಿಸಿ ಹಕ್ಕಿ ಎಣಿಸುವ ಗುತ್ತಿಗೆ ನೌಕರ. ಚಿತ್ರ ಬಂದ ಕೂಡಲೇ ಅವನ ಕೈಯಲ್ಲಿದ್ದ ಟ್ಯಾಬು ತಾನೇ ಪ್ರತಿ ಹಕ್ಕಿಯ ಸುತ್ತ ಹಳದಿ ಚೌಕ ಹಾಕಿ ಲೆಕ್ಕ ಒಪ್ಪಿಸುತ್ತಿತ್ತು. ಖಾನಾಪುರದ ಹತ್ತಿರದ ಈ ಕೆರೆಯ ನಡುಗಡ್ಡೆಯಲ್ಲಿ ಐನೂರು ಬೆಳ್ಳಕ್ಕಿ ಸಿಕ್ಕರೆ ಇಲ್ಲೇ ಡ್ರೋನ್ ಹಾರಿಸುವ ನೌಕರಿ ಮೂರು ವರ್ಷ ಮುಂದುವರಿಯುತ್ತದೆ, ಇಲ್ಲದಿದ್ದರೆ ಈ ತಿಂಗಳಿಗೇ ಮುಗಿಯಿತು ಎಂದು ಮೇಲಧಿಕಾರಿ ಕುಂದಾ ಮೇಡಂ ಹೇಳಿ ಕಳಿಸಿದ್ದರು.

ಫೋಟೋ ಅಂದರೆ ಕೆರೆ ದಂಡೆಯ ಊರಿನ ಹಿರಿಯರಿಗೆ ಒಗೆದ ಬಿಳಿ ಟೋಪಿ ಬೇಕೇ ಬೇಕು. ಅಜಿಂಕ್ಯ ಡ್ರೋನನ್ನು ಪರೀಕ್ಷೆಗೆಂದು ದಂಡೆಯ ಮೇಲೆ ಎಬ್ಬಿಸುವಷ್ಟರಲ್ಲಿ ಗಂಡಸರೆಲ್ಲ ಮನೆಗೆ ಓಡಿ, ಟೋಪಿ ಏರಿಸಿ ಬಂದು, ಮದುವೆಯ ಬೀಗರಂತೆ ಸಾಲಾಗಿ ನಿಂತಿದ್ದರು. ಟ್ಯಾಬು ನಲವತ್ತೊಂದು ಬೆಳ್ಳಕ್ಕಿ ಎಂದಿತು. ದಂಡೆಯಲ್ಲಿ ಒಂದು ಹಕ್ಕಿಯೂ ಇರಲಿಲ್ಲ.

"ಕಾಕಾ, ಸ್ವಲ್ಪ ಟೊಪ್ಪಿಗಿ ತಗೀರಿ. ಮಷೀನು ನಿಮ್ಮನ್ನ ಹಕ್ಕಿ ಅಂತ ಎಣಸಾಕತ್ತೈತಿ" ಎಂದು ಅವನು ಸಾಲಿನ ಮುಂದಿದ್ದ ತಮ್ಮಣ್ಣನಿಗೆ ಕೈಮುಗಿದ.

"ಬರೇ ತಲೀಲೆ ಫೋಟೋಕ್ಕ ನಿಂದ್ರಾಕ ನಮ್ಮನ್ಯಾಗ ಯಾರೂ ಸತ್ತಿಲ್ರಿ ಸಾಹೇಬ್ರ" ಎಂದ ತಮ್ಮಣ್ಣ.

ಬಟ್ಟೆ ಒಗೆಯುತ್ತಿದ್ದ ಸಾವಂತ್ರವ್ವ ಬಂದು ಟ್ಯಾಬು ಇಣುಕಿ ಮುಖ ಊದಿಸಿಕೊಂಡಳು. "ಗಂಡಸರನ್ನಷ್ಟ ಎಣಸ್ತೈತೇನ್ರಿ? ಹೆಂಗಸರು ಈ ಊರಾಗ ಇಲ್ಲೇನು?" ಎಂದವಳೇ ಬುಟ್ಟಿಯಿಂದ ಬಿಳಿ ಟವೆಲ್ಲು ತೆಗೆದು ತಲೆಗೆ ಸುತ್ತಿ ನಿಂತಳು. ಲೆಕ್ಕ ನಲವತ್ತೆರಡಾಯಿತು.

ಬೇರೆ ದಾರಿ ಕಾಣದೆ ಅಜಿಂಕ್ಯ ತನ್ನ ನೌಕರಿಯ ಕತೆ ಬಿಚ್ಚಿದ. ಅದು ಇನ್ನೂ ದೊಡ್ಡ ತಪ್ಪಾಯಿತು.

"ಐನೂರ ಬೇಕಲ್ಲ? ಅಷ್ಟಕ್ಕ ಯಾಕ ಚಿಂತಿ" ಎಂದ ತಮ್ಮಣ್ಣ, ಕಿಸೆಯಿಂದ ಫೋನು ತೆಗೆಯುತ್ತ. "ಬಾಜೂ ಊರಿನವ್ರನ್ನೂ ಕರಸ್ತೀನಿ. ಮಧ್ಯಾಹ್ನದೊಳಗ ಐನೂರ ಟೊಪ್ಪಿಗಿ ನಿಂದ್ರಸೂಣು."

ನಿಜ ಹೇಳಬೇಕೆಂದರೆ ಅಜಿಂಕ್ಯನ ಮನಸ್ಸು ಒಂದು ಗಳಿಗೆ ಜಾರಿತು. ಆದರೆ ಚಿತ್ರದಲ್ಲಿ ಟೋಪಿಗಳ ಮುಂದೆ ಚಪ್ಪಲಿಗಳೂ ಕಾಣುತ್ತಿದ್ದವು, ಕುಂದಾ ಮೇಡಂಗೆ ಕಣ್ಣು ಬೇರೆ ಚುರುಕು. ಎಲ್ಲರನ್ನೂ ಬೇಡಿಕೊಂಡು ಆಲದ ಮರದಡಿ ಕೂರಿಸಿ, ಡ್ರೋನನ್ನು ನಡುಗಡ್ಡೆಯತ್ತ ಎತ್ತರದಲ್ಲಿ ಬಿಟ್ಟ.

ಚಿತ್ರ ಮೂಡಿದಾಗ ಎಲ್ಲರೂ ಎದ್ದು ಬಂದು ಟ್ಯಾಬಿನ ಸುತ್ತ ಮುಗಿಬಿದ್ದರು. ದಂಡೆಯಿಂದ ಬರೀ ಹಸಿರಾಗಿ ಕಾಣುತ್ತಿದ್ದ ಜಾಲಿಮರಗಳ ನೆತ್ತಿಯ ತುಂಬ ಗೂಡುಗಳು. ಬಿಸಿಲಿಗೆ ರೆಕ್ಕೆ ಹರಡಿ, ಮರಿಗಳಿಗೆ ನೆರಳಾಗಿ ಕೂತ ತಾಯಂದಿರು. ಹಳದಿ ಚೌಕಗಳು ಒಂದರ ಮಗ್ಗುಲಿಗೊಂದು, ಹಂಚಿನ ಮೇಲೆ ಜೋಳ ಅರಳಿದಂತೆ ಅರಳುತ್ತ ಹೋದವು. ಐನೂರು ದಾಟಿತು, ಸಾವಿರ ದಾಟಿತು, ಎರಡು ಸಾವಿರದ ಹತ್ತಿರ ಹೋಗಿ ನಿಂತಿತು. ತನ್ನ ನೌಕರಿ ಉಳಿಯಿತೆಂಬುದನ್ನೂ ಮರೆತು ಅಜಿಂಕ್ಯ ಬೆರಗಿನಿಂದ ನೋಡುತ್ತಿದ್ದ.

"ಇಷ್ಟು ಬಾಣಂತ್ಯಾರನ್ನ ಮಗ್ಗಲದಾಗ ಇಟಗೊಂಡು ನಮಗ ಗೊತ್ತ ಇಲ್ಲಲ್ಲ" ಎಂದಳು ಸಾವಂತ್ರವ್ವ ಮೆಲ್ಲಗೆ. ತಮ್ಮಣ್ಣ ಟ್ಯಾಬಿಗೇ ಕೈಮುಗಿದ.

ಚಿತ್ರ ಬೆಳಗಾವಿ ಮುಟ್ಟಿದ್ದೇ ತಡ, ಮೇಡಂ ಫೋನು ಬಂತು.

"ಅಜಿಂಕ್ಯಾ, ನೋಡಿ ನನ್ನ ಕಣ್ಣಾಗ ನೀರು ಬಂತಪಾ. ಇಡೀ ಆಫೀಸು ಎದ್ದು ನಿಂತು ನೋಡ್ತು. ಇನ್ನ ಆ ಕೆರಿ ಹತ್ರ ಏನೂ ಸದ್ದು ಆಗಬಾರದು ಅಂತ ದೊಡ್ಡ ಸಾಹೇಬ್ರು ಆರ್ಡರ್ ಮಾಡ್ಯಾರ."

"ನನ್ನ ಮೂರು ವರ್ಷದ್ದು, ಮೇಡಂ?"

"ಸದ್ದು ಅಂದ್ರ ಮೊದಲು ಡ್ರೋನೇ ಅಲ್ಲೇನು? ಐನೂರೋ ಆರನೂರೋ ಇದ್ದಿದ್ರ ನಡೀತಿತ್ತು. ಇಷ್ಟು ಗೂಡಿನ ಮ್ಯಾಲೆ ಇನ್ನ ಹಾರಿಸೂ ಹಂಗಿಲ್ಲ. ಸಾಮಾನು ಕಟಗೊಂಡು ಬಂದುಬಿಡು."

ಅಜಿಂಕ್ಯ ಫೋನು ಕಿಸೆಗಿಳಿಸಿದ. ಮರದಡಿ ಇಡೀ ಊರು ಅವನ ಮುಖವನ್ನೇ ನೋಡುತ್ತಿತ್ತು.

"ಏನಾತ್ರಿ ಸಾಹೇಬ್ರ, ಪಾಸಾದ್ರೇನು?" ಎಂದ ತಮ್ಮಣ್ಣ.

"ಹಕ್ಕಿ ಪಾಸಾದ್ವು ಕಾಕಾ" ಎಂದ ಅಜಿಂಕ್ಯ. "ನಾ ನಪಾಸ."